ಚೀನೀ ಪಾರಂಪರಿಕ ವೈದ್ಯದಲ್ಲಿ ಋತುಮಾನದ ಆಹಾರ: ಶಾಸ್ತ್ರ ಮತ್ತು ಜನಪದ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಕನ್ನಡದ ಗಾದೆಗೆ ಸಮೀಪವಾದ ಮಾತೊಂದು ಚೀನೀ ಜನಪದರಲ್ಲಿಯೂ ಬಳಕೆಯಲ್ಲಿದೆ. ಚಳಿಗಾಲದಲ್ಲಿ ಮೂಲಂಗಿಯನ್ನೂ ಬೇಸಿಗೆಯಲ್ಲಿ ಶುಂಠಿಯನ್ನೂ ತಿನ್ನುವವನು ವೈದ್ಯನಿಂದ ಔಷಧ ಬರೆಸಿಕೊಳ್ಳಬೇಕಾಗಿಲ್ಲ ಎಂಬುದು ಅದರ ತಾತ್ಪರ್ಯ. ಮೇಲ್ನೋಟಕ್ಕೆ ಈ ಮಾತು ತಲೆಕೆಳಗಾದಂತೆ ತೋರುತ್ತದೆ. ಚೀನೀ ವೈದ್ಯದ ವರ್ಗೀಕರಣದಲ್ಲಿ ಶುಂಠಿ ಉಷ್ಣದ ಕಡೆಗೂ ಮೂಲಂಗಿ ತಂಪಿನ ಕಡೆಗೂ ಸೇರುತ್ತವೆ. ಸುಡುವ ಬೇಸಿಗೆಯಲ್ಲಿ ಉಷ್ಣವನ್ನೂ ಕೊರೆಯುವ ಚಳಿಯಲ್ಲಿ ತಂಪನ್ನೂ ಏಕೆ ತಿನ್ನಬೇಕು?

ಶಾಸ್ತ್ರ ಬಲ್ಲವರು ಇದಕ್ಕೆ ಕೊಡುವ ಉತ್ತರ ಹೀಗಿದೆ. ಬೇಸಿಗೆಯಲ್ಲಿ ದೇಹದ ‘ಯಾಂಗ್’ ಅಂಶ, ಎಂದರೆ ಬಿಸಿಯೂ ಚಲನಶೀಲವೂ ಆದ ಶಕ್ತಿ, ಚರ್ಮದ ಕಡೆಗೆ ಹರಡಿಕೊಳ್ಳುತ್ತದೆ. ಹೊಟ್ಟೆಯೊಳಗೆ ತಂಪು ಉಳಿಯುತ್ತದೆ. ಅದಕ್ಕೆ ಶುಂಠಿ ಬೇಕು. ಚಳಿಗಾಲದಲ್ಲಿ ಅದೇ ಶಕ್ತಿ ಒಳಗೆ ಅಡಗಿ ಕೂರುತ್ತದೆ. ಜನರು ಮಾಂಸ ಮತ್ತು ಕೊಬ್ಬನ್ನು ಹೆಚ್ಚಾಗಿ ತಿನ್ನುವುದರಿಂದ ಒಳಗಿನ ಕಾವು ಮತ್ತಷ್ಟು ಏರುತ್ತದೆ. ಅದನ್ನು ಮೂಲಂಗಿ ಇಳಿಸುತ್ತದೆ. ಈ ವಿವರಣೆಯಲ್ಲಿ ತರ್ಕವಿದೆ. ಆದರೆ ಉತ್ತರ ಚೀನಾದ ಹೊಲಗಳನ್ನು ಕೇಳಿದರೆ ಇನ್ನೊಂದು ಉತ್ತರವೂ ಸಿಗುತ್ತದೆ. ಮಂಜು ಕಟ್ಟಿದ ಆ ನೆಲದಲ್ಲಿ ನಾಲ್ಕು ತಿಂಗಳ ಕಾಲ ಹಸಿರು ಬೆಳೆಯುವುದಿಲ್ಲ. ಗುಂಡಿಯಲ್ಲಿ ಹೂತು ಕಾಪಾಡಿದ ಮೂಲಂಗಿ ಮತ್ತು ಎಲೆಕೋಸು ಇವೆರಡೇ ರೈತನ ಮನೆಯ ಮುಖ್ಯ ತರಕಾರಿಗಳಾಗಿದ್ದವು. ಹಾಗಾದರೆ ಗಾದೆ ಹುಟ್ಟಿದ್ದು ಶಾಸ್ತ್ರದಿಂದಲೋ ಹೊಲದಿಂದಲೋ? ಚೀನೀ ಋತುಮಾನದ ಆಹಾರವನ್ನು ಜಾನಪದ ದೃಷ್ಟಿಯಿಂದ ನೋಡುವವರು ಎದುರಿಸಬೇಕಾದ ಮೊದಲ ಪ್ರಶ್ನೆ ಇದು. ಈ ವಿಷಯವನ್ನು ಕುರಿತ ಜನಪ್ರಿಯ ಬರವಣಿಗೆ ಬಹುಮಟ್ಟಿಗೆ ಇದನ್ನು ಬದಿಗಿರಿಸಿ, ಋತುವಿಗೊಂದು ಪಟ್ಟಿಯನ್ನು ಕೊಟ್ಟು ತೃಪ್ತವಾಗುತ್ತದೆ.

ಕಾಲಗಣನೆ ಮತ್ತು ನೆಲ

ಚೀನೀಯರ ಹಬ್ಬಗಳು ಹೆಚ್ಚಾಗಿ ಚಾಂದ್ರಮಾನವನ್ನು ಅನುಸರಿಸುತ್ತವೆ. ಬೇಸಾಯ ಮಾತ್ರ ಸೂರ್ಯನನ್ನು ನಂಬಿದೆ. ಸೂರ್ಯಪಥವನ್ನು 15 ಡಿಗ್ರಿಗಳಿಗೆ ಒಂದರಂತೆ 24 ಭಾಗಗಳನ್ನಾಗಿ ಮಾಡಿ, ಸುಮಾರು ಹದಿನೈದು ದಿನಗಳ ಪ್ರತಿಯೊಂದು ಅವಧಿಗೂ ಒಂದು ಹೆಸರನ್ನಿಟ್ಟಿದ್ದಾರೆ. ಇವಕ್ಕೆ ‘ಜಿಯೆಚಿ’ ಎಂದು ಹೆಸರು. ಮಳೆನೀರು, ಕೀಟಗಳ ಎಚ್ಚರ, ಧಾನ್ಯದ ಮಳೆ, ಬಿಳಿ ಇಬ್ಬನಿ, ದೊಡ್ಡ ಹಿಮ ಮುಂತಾದ ಈ ಹೆಸರುಗಳಲ್ಲಿ ಹೊಲದ ಅನುಭವವೇ ಮಾತಾಡುತ್ತದೆ. ಅಶ್ವಿನಿ, ಭರಣಿ, ಆರಿದ್ರಾ ಎಂದು ಮಳೆ ನಕ್ಷತ್ರಗಳನ್ನು ಎಣಿಸುವ ಕನ್ನಡದ ರೈತನಿಗೆ ಈ ಕ್ರಮ ಅಪರಿಚಿತವೆನಿಸದು; ಅಲ್ಲಿಯೂ ಸೂರ್ಯನ ನಡೆಯನ್ನೇ ಹದಿಮೂರು ಹದಿನಾಲ್ಕು ದಿನಗಳ ತುಂಡುಗಳಾಗಿ ಎಣಿಸಲಾಗುತ್ತದೆ. 24 ಹೆಸರುಗಳ ಪೂರ್ಣ ಪಟ್ಟಿ ಕ್ರಿ.ಪೂ. 139ರಲ್ಲಿ ಹಾನ್ ದೊರೆಗೆ ಒಪ್ಪಿಸಲಾದ ‘ಹುವಾಯ್‌ನಾನ್‌ಜಿ’ ಗ್ರಂಥದಲ್ಲಿ ಕಾಣಸಿಗುತ್ತದೆ. 2016ರಲ್ಲಿ ಯುನೆಸ್ಕೊ ಈ ಪಂಚಾಂಗಜ್ಞಾನವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಎಣಿಕೆ ರೂಪುಗೊಂಡದ್ದು ಹಳದಿ ನದಿಯ ಮಧ್ಯಬಯಲಿನಲ್ಲಿ ಎಂಬುದನ್ನು ಮರೆಯುವಂತಿಲ್ಲ. ‘ಚಿಕ್ಕ ಹಿಮ’, ‘ದೊಡ್ಡ ಹಿಮ’ ಎಂಬ ಅವಧಿಗಳು ಗುವಾಂಗ್‌ಝೌ ನಗರದಲ್ಲಿಯೂ ಬರುತ್ತವೆ, ಹಿಮ ಮಾತ್ರ ಬೀಳುವುದಿಲ್ಲ. ‘ವಸಂತದ ಆರಂಭ’ ಫೆಬ್ರವರಿ 4ರ ಸುಮಾರಿಗೆ ಬರುತ್ತದೆ; ಆಗ ಬೀಜಿಂಗಿನ ಕೆರೆಗಳ ಮೇಲೆ ಇನ್ನೂ ಮಂಜುಗಡ್ಡೆ ಇರುತ್ತದೆ. ಒಂದೇ ಪಂಚಾಂಗ ಹಲವು ಹವಾಮಾನಗಳ ಮೇಲೆ ಹಾಸಿಕೊಂಡಿರುವ ಈ ಸ್ಥಿತಿಯೇ ಚೀನೀ ಆಹಾರಾಚರಣೆಗಳ ವೈವಿಧ್ಯಕ್ಕೆ ಕಾರಣವಾಗಿದೆ. ಶಾಸ್ತ್ರಕಾರರಿಗೂ ಇದರ ಅರಿವಿತ್ತು. ಚೀನೀ ವೈದ್ಯದ ಆಕರಗ್ರಂಥವಾದ ‘ಹುವಾಂಗ್‌ದಿ ನೈಜಿಂಗ್’ನ ‘ಸುವೆನ್’ ಭಾಗದಲ್ಲಿ ಐದು ದಿಕ್ಕುಗಳ ಜನರ ಊಟ, ಅವರಿಗೆ ಬರುವ ರೋಗ, ಅದಕ್ಕೆ ತಕ್ಕ ಚಿಕಿತ್ಸೆ ಇವುಗಳನ್ನು ಬೇರೆ ಬೇರೆಯಾಗಿ ಹೇಳುವ ಒಂದು ಅಧ್ಯಾಯವೇ ಇದೆ. ಪೂರ್ವದವರು ಮೀನು ಮತ್ತು ಉಪ್ಪನ್ನು ಹೆಚ್ಚಾಗಿ ತಿನ್ನುತ್ತಾರೆ, ಉತ್ತರದವರು ಹಾಲನ್ನು ನೆಚ್ಚಿದ್ದಾರೆ, ದಕ್ಷಿಣದವರು ಹುಳಿ ಮತ್ತು ಹುದುಗಿಸಿದ ಪದಾರ್ಥಗಳನ್ನು ಬಯಸುತ್ತಾರೆ ಎಂದು ಅದು ಗುರುತಿಸುತ್ತದೆ.

ಶಾಸ್ತ್ರದ ಚೌಕಟ್ಟು

ಕ್ರಿ.ಪೂ. ಎರಡು ಮತ್ತು ಒಂದನೆಯ ಶತಮಾನಗಳ ಸುಮಾರಿಗೆ ರೂಪುಗೊಂಡ ‘ನೈಜಿಂಗ್’ ಪ್ರಕಾರ ಜಗತ್ತಿನ ಎಲ್ಲ ವ್ಯವಹಾರವೂ ‘ಯಿನ್’ ಮತ್ತು ‘ಯಾಂಗ್’ ಎಂಬ ಎರಡು ನೆಲೆಗಳ ನಡುವೆ, ಹಾಗೂ ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ತ್ವಗಳ ಸುತ್ತಿನಲ್ಲಿ ನಡೆಯುತ್ತದೆ. ವಸಂತಕ್ಕೆ ಮರ, ಯಕೃತ್ತು ಮತ್ತು ಹುಳಿ. ಬೇಸಿಗೆಗೆ ಬೆಂಕಿ, ಹೃದಯ ಮತ್ತು ಕಹಿ. ಶರತ್ತಿಗೆ ಲೋಹ, ಶ್ವಾಸಕೋಶ ಮತ್ತು ಖಾರ. ಚಳಿಗಾಲಕ್ಕೆ ನೀರು, ಮೂತ್ರಪಿಂಡ ಮತ್ತು ಉಪ್ಪು. ಮಣ್ಣಿಗೆ ಸೇರಿದ ಗುಲ್ಮ ಹಾಗೂ ಸಿಹಿಗೆ ಋತುವನ್ನು ಹೊಂದಿಸುವುದು ಕಷ್ಟವಾಗಿ, ಬೇಸಿಗೆಯ ಕೊನೆಯ ತೇವದ ದಿನಗಳನ್ನು ‘ದೀರ್ಘ ಬೇಸಿಗೆ’ ಎಂಬ ಐದನೆಯ ಋತುವಾಗಿ ಒಂದೆಡೆ ಎಣಿಸಿದ್ದಾರೆ. ಇನ್ನೊಂದೆಡೆ ಪ್ರತಿ ಋತುವಿನ ಕೊನೆಯ 18 ದಿನಗಳನ್ನು ಮಣ್ಣಿಗೆ ಬಿಟ್ಟುಕೊಟ್ಟಿದ್ದಾರೆ. ಐದನ್ನು ನಾಲ್ಕರಲ್ಲಿ ಕೂರಿಸುವ ಈ ತೊಡಕು ಕೊನೆಯವರೆಗೂ ಪೂರ್ತಿಯಾಗಿ ಬಿಡಿಸಿಕೊಳ್ಳಲಿಲ್ಲ. ಇಲ್ಲಿ ಹೇಳುವ ಯಕೃತ್ತು, ಗುಲ್ಮ ಮುಂತಾದವು ಆಧುನಿಕ ಅಂಗರಚನಾಶಾಸ್ತ್ರದ ಅವಯವಗಳಲ್ಲ, ಹಲವು ದೇಹವ್ಯಾಪಾರಗಳ ಗುಚ್ಛಗಳು ಎಂಬುದನ್ನೂ ಗಮನಿಸಬೇಕು.

ರುಚಿಗಳಲ್ಲದೆ ಪದಾರ್ಥಗಳಿಗೆ ತಣ್ಣನೆ, ತಂಪು, ಬೆಚ್ಚನೆ, ಬಿಸಿ ಎಂಬ ನಾಲ್ಕು ಗುಣಗಳೂ ಉಂಟು. ಜನಸಾಮಾನ್ಯರ ಅಡುಗೆಮನೆಯಲ್ಲಿ ನಿಜವಾಗಿ ಓಡಾಡುವುದು ಐದು ತತ್ತ್ವಗಳ ಪಟ್ಟಿಯಲ್ಲ, ಈ ಗುಣಗಳ ವಿಚಾರ. ಕುರಿಮಾಂಸ ಉಷ್ಣ, ಏಡಿ ತಂಪು, ಲಿಚಿ ಹಣ್ಣನ್ನು ಹೆಚ್ಚು ತಿಂದರೆ ‘ಬೆಂಕಿ ಏರುತ್ತದೆ’ ಎಂಬ ಮಾತುಗಳನ್ನು ಕೇಳಿದಾಗ ಕನ್ನಡದ ಮನೆಗಳ ಉಷ್ಣ, ತಂಪು ನೆನಪಾಗುವುದು ಸಹಜ. ಹೋಲಿಕೆ ಇನ್ನೂ ಮುಂದಕ್ಕೆ ಹೋಗುತ್ತದೆ. ಗಾಯವಾದಾಗ, ಚರ್ಮರೋಗವಿದ್ದಾಗ ಬಿಡಬೇಕಾದ ಕೆಲವು ತಿನಿಸುಗಳನ್ನು ಚೀನೀಯರು ‘ಫಾವು’ ಎನ್ನುತ್ತಾರೆ. ರೋಗವನ್ನು ಕೆರಳಿಸುವ ವಸ್ತು ಎಂದು ಇದರರ್ಥ. ಕನ್ನಡದ ‘ನಂಜು’ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಈ ಸಾಮ್ಯವನ್ನು ಯಾರು ಯಾರಿಂದ ಪಡೆದರು ಎಂಬ ದಿಕ್ಕಿನಲ್ಲಿ ಬೆಳೆಸುವುದು ಅವಸರದ ಕೆಲಸವಾದೀತು.

ವಸಂತದ ತಟ್ಟೆಯಲ್ಲಿ ನಾಲ್ಕು ಅಭಿಪ್ರಾಯಗಳು

ವಸಂತದಲ್ಲಿ ಯಾವ ರುಚಿಯನ್ನು ಹೆಚ್ಚಿಸಬೇಕು? ಶಾಸ್ತ್ರ ಒಂದೇ ಧ್ವನಿಯಲ್ಲಿ ಮಾತಾಡುತ್ತದೆ ಎಂದು ಭಾವಿಸಿದವರನ್ನು ಈ ಪ್ರಶ್ನೆ ಚಕಿತಗೊಳಿಸುತ್ತದೆ.

ಝೌ ರಾಜವಂಶದ ಆಡಳಿತವನ್ನು ವರ್ಣಿಸುವ ಪ್ರಾಚೀನ ಗ್ರಂಥ ‘ಝೌ ಲಿ’ ನಾಲ್ಕು ಬಗೆಯ ವೈದ್ಯರನ್ನು ಹೆಸರಿಸುತ್ತದೆ. ರೋಗವೈದ್ಯ, ಗಾಯವೈದ್ಯ, ಪಶುವೈದ್ಯ ಇವರಿಗೆಲ್ಲ ಮೊದಲು ಬರುವವನು ಆಹಾರವೈದ್ಯ. ಅರಸನ ಊಟದ ಹದವನ್ನು ನೋಡಿಕೊಳ್ಳುವುದು ಅವನ ಕೆಲಸ. ಅವನು ಪಾಲಿಸಬೇಕಾದ ಕ್ರಮದಲ್ಲಿ ವಸಂತಕ್ಕೆ ಹುಳಿ ಹೆಚ್ಚು, ಬೇಸಿಗೆಗೆ ಕಹಿ ಹೆಚ್ಚು, ಶರತ್ತಿಗೆ ಖಾರ ಹೆಚ್ಚು, ಚಳಿಗಾಲಕ್ಕೆ ಉಪ್ಪು ಹೆಚ್ಚು. ಆಯಾ ಋತುವಿಗೆ ಒಡೆಯನಾದ ರುಚಿಗೆ ಅಗ್ರಪೂಜೆ ಸಲ್ಲಿಸುವ ಕ್ರಮವಿದು.

ಕ್ರಿ.ಶ. ಏಳನೆಯ ಶತಮಾನದ ಮಹಾವೈದ್ಯ ಸುನ್ ಸಿಮಿಯಾವ್ ಇದಕ್ಕೆ ನೇರ ವಿರುದ್ಧವಾದುದನ್ನು ವಿಧಿಸುತ್ತಾನೆ. ಅವನ ‘ಚಿಯೆನ್‌ಜಿನ್’ ಗ್ರಂಥದ ಆಹಾರಚಿಕಿತ್ಸೆಯ ಭಾಗದಲ್ಲಿ, ವಸಂತದ 72 ದಿನ ಹುಳಿಯನ್ನು ಕಡಿಮೆ ಮಾಡಿ ಸಿಹಿಯನ್ನು ಹೆಚ್ಚಿಸಬೇಕೆಂಬ ಸೂಚನೆಯಿದೆ. ಅವನ ತರ್ಕ ಸೊಗಸಾಗಿದೆ. ವಸಂತದಲ್ಲಿ ಯಕೃತ್ತು ತಾನಾಗಿಯೇ ಬಲವಾಗಿರುತ್ತದೆ. ಅದಕ್ಕೆ ಹುಳಿಯ ಬೆಂಬಲವೂ ಸಿಕ್ಕರೆ, ಮರ ಮಣ್ಣನ್ನು ಮಣಿಸುವಂತೆ ಅದು ಗುಲ್ಮವನ್ನು ತುಳಿಯುತ್ತದೆ; ಆದ್ದರಿಂದ ತುಳಿತಕ್ಕೆ ಒಳಗಾಗುವ ಅಂಗಕ್ಕೆ ಮೊದಲೇ ಸಿಹಿಯನ್ನು ಕೊಟ್ಟು ಕಾಪಾಡಬೇಕು. ಬೇಸಿಗೆಯಲ್ಲಿ ಕಹಿ ಇಳಿಸಿ ಖಾರ ಏರಿಸುವುದು, ಶರತ್ತಿನಲ್ಲಿ ಖಾರ ಇಳಿಸಿ ಹುಳಿ ಏರಿಸುವುದು, ಚಳಿಗಾಲದಲ್ಲಿ ಉಪ್ಪು ಇಳಿಸಿ ಕಹಿ ಏರಿಸುವುದು ಇವೆಲ್ಲ ಇದೇ ನ್ಯಾಯದ ಮುಂದುವರಿಕೆ. ‘ಝೌ ಲಿ’ ಬಲಿಷ್ಠನಿಗೆ ಉಣಬಡಿಸಿದರೆ ಸುನ್ ಸಿಮಿಯಾವ್ ದುರ್ಬಲನಿಗೆ ಉಣಬಡಿಸುತ್ತಾನೆ. ಎರಡೂ ಒಂದೇ ಪಂಚತತ್ತ್ವದ ಪಟ್ಟಿಯಿಂದ ಹೊರಟು ಎದುರುಬದುರು ದಿಕ್ಕುಗಳಿಗೆ ಮುಖ ಮಾಡಿವೆ.

ಜನರು ಮಾಡಿದ್ದೇನು? ಅವರು ಹುಳಿಯನ್ನೂ ಸಿಹಿಯನ್ನೂ ಬಿಟ್ಟು ಖಾರವನ್ನು ಹಿಡಿದರು. ಆರನೆಯ ಶತಮಾನದಲ್ಲಿ ಝೋಂಗ್ ಲಿನ್ ಎಂಬಾತ ಯಾಂಗ್‌ತ್ಸೆ ನದಿಯ ಮಧ್ಯಬಯಲಿನ ವರ್ಷಾವರ್ತನದ ಆಚರಣೆಗಳನ್ನು ಕುರಿತು ಬರೆದ ‘ಜಿಂಗ್‌ಚು ಸುಯ್‌ಶಿ ಜಿ’ಯಲ್ಲಿ ಹೊಸವರ್ಷದ ‘ಐದು ಖಾರಗಳ ತಟ್ಟೆ’ಯ ಉಲ್ಲೇಖವಿದೆ. ಜಾನಪದ ವಿದ್ವಾಂಸರು ಕೈಮುಗಿಯಬೇಕಾದ ಕೃತಿಯಿದು. ಹದಿನಾಲ್ಕು ಶತಮಾನಗಳ ಹಿಂದೆಯೇ ಒಂದು ಪ್ರದೇಶದ ಜನಜೀವನವನ್ನು ತಿಂಗಳು ತಿಂಗಳಿಗೆ ದಾಖಲಿಸಿದೆ. ಈರುಳ್ಳಿ, ಬೆಳ್ಳುಳ್ಳಿ, ಸಾಸಿವೆ ಜಾತಿಯ ಎಳೆಯ ಸೊಪ್ಪುಗಳನ್ನು ಬೆರೆಸಿ ತಿನ್ನುವ ಈ ಪದ್ಧತಿ ಮುಂದೆ ವಸಂತಾರಂಭದ ದಿನದ ‘ವಸಂತದ ತಟ್ಟೆ’ಯಾಯಿತು. ಉತ್ತರದಲ್ಲಿ ಇಂದಿಗೂ ಆ ದಿನ ತೆಳುವಾದ ಗೋಧಿ ರೊಟ್ಟಿಯಲ್ಲಿ ಸೊಪ್ಪು, ಮೊಳಕೆಕಾಳು ಸುತ್ತಿ ತಿನ್ನುತ್ತಾರೆ. ಹಸಿ ಮೂಲಂಗಿಯನ್ನು ಕಚ್ಚಿ ಅದನ್ನು ‘ವಸಂತವನ್ನು ಕಚ್ಚುವುದು’ ಎನ್ನುತ್ತಾರೆ. ಪಟ್ಟಿಯ ಪ್ರಕಾರ ಖಾರ ಶರತ್ತಿನ ರುಚಿ. ವಸಂತದಲ್ಲಿ ಅದಕ್ಕೆ ಸ್ಥಾನವಿಲ್ಲ. ಖಾರವು ಮೇಲೇಳುವ ಯಾಂಗ್‌ಗೆ ನೆರವಾಗುತ್ತದೆ ಎಂದು ವೈದ್ಯರು ವಿವರಣೆ ಕೊಟ್ಟರು. ಆದರೆ 1596ರಲ್ಲಿ ಪ್ರಕಟವಾದ ‘ಬೆನ್‌ತ್ಸಾವ್ ಗಾಂಗ್‌ಮು’ ಎಂಬ ಬೃಹತ್ ಔಷಧಕೋಶದ ಕರ್ತೃ ಲಿ ಶಿಝೆನ್, ವೈದ್ಯನಾಗಿದ್ದೂ, ಈ ತಿನಿಸಿಗೆ ಹೇಳುವ ಕಾರಣ ‘ಹೊಸತನ್ನು ಬರಮಾಡಿಕೊಳ್ಳುವುದು’ ಎಂಬುದು ಮಾತ್ರ. ಚೀನೀ ಭಾಷೆಯಲ್ಲಿ ಖಾರಕ್ಕೂ ಹೊಸತಿಗೂ ಉಚ್ಚಾರ ಒಂದೇ, ‘ಷಿನ್’. ಯಕೃತ್ತು ಮತ್ತು ಗುಲ್ಮಗಳ ವಾದದ ನಡುವೆ ಒಂದು ಶ್ಲೇಷೆ ತಟ್ಟೆಯನ್ನು ಗೆದ್ದುಕೊಂಡಿದೆ.

ಭಾರತೀಯ ಋತುಚರ್ಯೆಯನ್ನು ಇದರ ಪಕ್ಕದಲ್ಲಿರಿಸಿದರೆ ನಾಲ್ಕನೆಯ ಅಭಿಪ್ರಾಯ ದೊರೆಯುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯ ವಸಂತದಲ್ಲಿ ಹುಳಿ ಮತ್ತು ಸಿಹಿ ಎರಡನ್ನೂ ಬಿಡಲು ಹೇಳುತ್ತದೆ; ಚಳಿಗಾಲದಲ್ಲಿ ಸಂಚಯವಾದ ಕಫ ಬಿಸಿಲಿಗೆ ಕರಗಿ ಕೆರಳುವ ಕಾಲವದು ಎಂಬುದು ಕಾರಣ. ಕನ್ನಡಿಗರ ಯುಗಾದಿಯ ಬೇವು ಈ ವಿಧಿಗೆ ಒಪ್ಪುತ್ತದೆ, ಬೆಲ್ಲ ಒಪ್ಪುವುದಿಲ್ಲ. ಅಲ್ಲಿಯೂ ಜನಪದರು ಶಾಸ್ತ್ರದ ಅರ್ಧವನ್ನು ಮಾತ್ರ ಸ್ವೀಕರಿಸಿದಂತಿದೆ.

ಪಟ್ಟಿ ಹಳೆಯದು, ಕಾರಣ ಹೊಸದು

ಶಾಸ್ತ್ರ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಧಾನ್ಯಗಳ ಕಥೆ ಒಳ್ಳೆಯ ನಿದರ್ಶನ. ‘ಲಿಜಿ’ ಎಂಬ ಪ್ರಾಚೀನ ವಿಧಿಗ್ರಂಥದಲ್ಲಿ ‘ಯುಯೆಲಿಂಗ್’ ಎಂಬ ಮಾಸವಿಧಿಗಳ ಅಧ್ಯಾಯವಿದೆ. ಅರಸನು ಯಾವ ತಿಂಗಳಲ್ಲಿ ಯಾವ ಬಣ್ಣದ ಬಟ್ಟೆ ಉಡಬೇಕು, ಯಾವ ದಿಕ್ಕಿನ ಕೋಣೆಯಲ್ಲಿರಬೇಕು, ಏನನ್ನು ಉಣ್ಣಬೇಕು ಎಂಬುದು ಅಲ್ಲಿನ ವಿಷಯ. ವಸಂತದಲ್ಲಿ ಗೋಧಿ ಮತ್ತು ಕುರಿ, ಬೇಸಿಗೆಯಲ್ಲಿ ದ್ವಿದಳ ಧಾನ್ಯ ಮತ್ತು ಕೋಳಿ, ಶರತ್ತಿನಲ್ಲಿ ಎಣ್ಣೆಕಾಳು ಮತ್ತು ನಾಯಿ, ಚಳಿಗಾಲದಲ್ಲಿ ಬರಗು ಮತ್ತು ಹಂದಿ. ಅರಸನು ಋತುವಿನೊಡನೆ ಹೊಂದಿಕೊಂಡರೆ ರಾಜ್ಯ ನೆಟ್ಟಗಿರುತ್ತದೆ ಎಂಬ ನಂಬಿಕೆಯ ವಿಧಿಯಿದು. ಇಲ್ಲಿ ರೋಗಿಯೂ ಇಲ್ಲ, ರೋಗವೂ ಇಲ್ಲ.

ಶತಮಾನಗಳು ಉರುಳಿದ ಮೇಲೆ, 1330ರಲ್ಲಿ, ಮಂಗೋಲ್ ದೊರೆಗಳ ಆಸ್ಥಾನದ ಆಹಾರವೈದ್ಯ ಹು ಸಿಹುಯಿ ‘ಯಿನ್‌ಶಾನ್ ಝೆಂಗ್‌ಯಾವ್’ ಎಂಬ ಗ್ರಂಥವನ್ನು ಅರಸನಿಗೆ ಒಪ್ಪಿಸಿದ. ಕುರಿಮಾಂಸದ ಸಾರುಗಳಿಂದ ತುಂಬಿದ ಈ ಗ್ರಂಥದಲ್ಲಿ ಚೀನೀ, ಮಂಗೋಲ್ ಮತ್ತು ಪಶ್ಚಿಮ ಏಷ್ಯಾದ ಅಡುಗೆಗಳು ಒಂದೆಡೆ ಸೇರಿವೆ. ಋತುಗಳ ಮಾತು ಬಂದಾಗ ಹು ಸಿಹುಯಿ ಹೇಳುವ ಧಾನ್ಯಗಳು ಅವೇ: ಗೋಧಿ, ದ್ವಿದಳ ಧಾನ್ಯ, ಎಣ್ಣೆಕಾಳು, ಬರಗು. ಆದರೆ ಈಗ ಪ್ರತಿಯೊಂದಕ್ಕೂ ದೇಹದ ಕಾರಣವಿದೆ. ವಸಂತದ ಬೆಚ್ಚನೆಯ ಗಾಳಿಯನ್ನು ಗೋಧಿ ತಂಪುಮಾಡುತ್ತದೆ, ಬೇಸಿಗೆಯ ಕಾವನ್ನು ಕಾಳು ಇಳಿಸುತ್ತದೆ, ಶರತ್ತಿನ ಒಣಗಾಳಿಗೆ ಎಣ್ಣೆಕಾಳು ಜಿಡ್ಡು ಕೊಡುತ್ತದೆ, ಚಳಿಯನ್ನು ಬರಗಿನ ಉಷ್ಣ ಓಡಿಸುತ್ತದೆ. ಅರಮನೆಯ ವಿಧಿಯೊಂದು ಆರೋಗ್ಯಸೂತ್ರವಾಗಿ ರೂಪಾಂತರಗೊಂಡ ಬಗೆಯಿದು. ಆಚರಣೆಯು ಉಳಿದು ಅದರ ಆಶಯ ಬದಲಾಗುವ ಸಂಗತಿ ಜಾನಪದ ಅಧ್ಯಯನಕ್ಕೆ ಹೊಸದಲ್ಲ; ಶಿಷ್ಟ ಶಾಸ್ತ್ರದಲ್ಲಿಯೂ ಅದು ನಡೆಯುತ್ತದೆ ಎಂಬುದು ಇಲ್ಲಿ ಗಮನಾರ್ಹ.

ಹಸಿವಿನ ಋತು

ಮೇಲೆ ಹೇಳಿದ ಗ್ರಂಥಗಳಲ್ಲಿ ಹೆಚ್ಚಿನವು ಅರಸರಿಗಾಗಿ ಇಲ್ಲವೆ ಉಳ್ಳವರಿಗಾಗಿ ಹುಟ್ಟಿದವು. ಏನನ್ನು ತಿನ್ನಬೇಕು ಎಂಬ ಆಯ್ಕೆ ಇದ್ದವರಿಗೆ ಮಾತ್ರ ಅವು ಉಪಯುಕ್ತ. ರೈತನ ಮನೆಯಲ್ಲಿ ವಸಂತಕ್ಕೆ ಇದ್ದ ಹೆಸರೇ ಬೇರೆ. ಹಸಿರು ಮತ್ತು ಹಳದಿ ಒಂದನ್ನೊಂದು ಮುಟ್ಟದ ಕಾಲ ಎಂಬ ನುಡಿಗಟ್ಟು ಚೀನೀ ಭಾಷೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಕಣಜದ ಹಳೆಯ ಕಾಳು ಮುಗಿದಿದೆ, ಹೊಲದ ಗೋಧಿ ಇನ್ನೂ ಹಸಿರಾಗಿದೆ. ಕರಾವಳಿಯ ಆಟಿ ತಿಂಗಳನ್ನು ಬಲ್ಲ ಕನ್ನಡದ ಓದುಗರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಆಗ ಹೆಂಗಸರು ಮತ್ತು ಮಕ್ಕಳು ಬುಟ್ಟಿ ಹಿಡಿದು ಬಯಲಿಗೆ ಹೋಗಿ ತಂದ ಕಾಡುಸೊಪ್ಪುಗಳೇ ಇಂದು ‘ವಸಂತದ ಯಕೃತ್ತಿಗೆ ಹಿತ’ ಎಂದು ಕೊಂಡಾಡಲ್ಪಡುತ್ತಿವೆ.

ಇವುಗಳಲ್ಲಿ ‘ಜಿತ್ಸಾಯ್’ ಎಂಬ ಸೊಪ್ಪು ಪ್ರಸಿದ್ಧ. ಹುಬೈ, ಹುನಾನ್ ಸೀಮೆಗಳಲ್ಲಿ ಮೂರನೆಯ ಚಾಂದ್ರಮಾಸದ ಮೂರನೆಯ ದಿನ ಈ ಗಿಡವನ್ನು ಹಾಕಿ ಮೊಟ್ಟೆ ಬೇಯಿಸಿ ತಿಂದರೆ ವರ್ಷವಿಡೀ ತಲೆನೋವು ಬಾರದೆಂಬ ನಂಬಿಕೆಯಿದೆ. ಮಿಂಗ್ ವಂಶದ ಸ್ಥಾಪಕನ ಐದನೆಯ ಮಗ ಝು ಸು, ಕೈಫೆಂಗ್‌ನಲ್ಲಿದ್ದುಕೊಂಡು ಬರಗಾಲದಲ್ಲಿ ತಿನ್ನಬಹುದಾದ ಗಿಡಗಳನ್ನು ತನ್ನ ತೋಟದಲ್ಲಿ ಬೆಳೆಸಿ ಪರೀಕ್ಷಿಸಿ, 1406ರಲ್ಲಿ ‘ಜಿಯುಹುವಾಂಗ್ ಬೆನ್‌ತ್ಸಾವ್’ ಎಂಬ ಸಚಿತ್ರ ಗ್ರಂಥವನ್ನು ಹೊರತಂದ. ಅದರಲ್ಲಿ 414 ಸಸ್ಯಗಳಿವೆ. ಯಾವುದನ್ನು ಎಷ್ಟು ಸಲ ನೀರು ಬದಲಿಸಿ ತೊಳೆಯಬೇಕು, ಹೇಗೆ ಬೇಯಿಸಿದರೆ ಕಹಿ ಹೋಗುತ್ತದೆ ಎಂಬ ವಿವರಗಳಿವೆ. ಋತುಮಾನದ ಆಹಾರವನ್ನು ಅರಿಯಬಯಸುವವರು ರಾಜವೈದ್ಯರ ಗ್ರಂಥಗಳಿಗಿಂತ ಮೊದಲು ಓದಬೇಕಾದ ಕೃತಿ ಇದೆಂದರೆ ತಪ್ಪಾಗಲಾರದು. ಹಸಿದವರು ಋತುವನ್ನು ಅನುಸರಿಸಿ ತಿಂದರು, ಏಕೆಂದರೆ ಅವರಿಗೆ ಬೇರೆ ದಾರಿಯಿರಲಿಲ್ಲ.

ಬೇಸಿಗೆ: ಗೋಧಿ, ಕುರಿ, ಮೆಣಸಿನಕಾಯಿ

ಬೇಸಿಗೆಯ ಅಯನ ಸಂಕ್ರಮಣದ ತರುವಾಯ ದಿನಗಣನೆಯೊಂದನ್ನು ಹಿಡಿದು, ಜುಲೈ ನಡುವಿನಿಂದ ಮೂವತ್ತು ಇಲ್ಲವೆ ನಲವತ್ತು ದಿನಗಳ ಕಾಲವನ್ನು ಮೂರು ‘ಫು’ಗಳೆಂದು ಕರೆಯುತ್ತಾರೆ. ವರ್ಷದ ಅತಿ ಸೆಕೆಯ ದಿನಗಳಿವು. ಉತ್ತರದವರ ಗಾದೆಯೊಂದು ಮೊದಲ ಫುವಿಗೆ ಕಡುಬು, ಎರಡನೆಯದಕ್ಕೆ ಶಾವಿಗೆ, ಮೂರನೆಯದಕ್ಕೆ ರೊಟ್ಟಿ ಮತ್ತು ಮೊಟ್ಟೆ ಎಂದು ಊಟವನ್ನು ಗೊತ್ತುಮಾಡುತ್ತದೆ. ಮೂರರಲ್ಲಿಯೂ ಇರುವುದು ಗೋಧಿ. ಜೂನ್ ತಿಂಗಳಲ್ಲಿ ಗೋಧಿಯ ಕೊಯ್ಲು ಮುಗಿದಿರುತ್ತದೆ ಎಂಬುದನ್ನು ನೆನೆದರೆ ಇದು ಹೊಸ ಧಾನ್ಯದ ಊಟವೆಂಬುದು ಸ್ಪಷ್ಟವಾಗುತ್ತದೆ. ವಸಂತದ ಹಸಿವು ಕಳೆದ ಮೇಲಿನ ಊಟ. ಸೆಕೆಗೆ ಕುಗ್ಗಿದ ಜೀರ್ಣಶಕ್ತಿಯನ್ನು ಇದು ಎಬ್ಬಿಸುತ್ತದೆ ಎಂಬ ವೈದ್ಯರ ಸಮರ್ಥನೆ ಅದರ ಮೇಲೆ ಕೂತಿದೆ.

ಜಿಯಾಂಗ್ಸು ಪ್ರಾಂತ್ಯದ ಉತ್ತರ ಭಾಗದ ಶುಝೌ ಸೀಮೆಯಲ್ಲಿ ಇದೇ ಫು ದಿನಗಳಲ್ಲಿ ಕುರಿಮಾಂಸದ ಬಿಸಿ ಸಾರನ್ನು ಬೆವರು ಸುರಿಸುತ್ತ ಕುಡಿಯುತ್ತಾರೆ. ಶುಂಠಿಯ ಗಾದೆಯ ನ್ಯಾಯ ಇಲ್ಲಿಗೆ ಅನ್ವಯಿಸುತ್ತದೆ. ಗುವಾಂಗ್‌ಡಾಂಗ್ ಪ್ರಾಂತ್ಯದವರು ಈ ನ್ಯಾಯವನ್ನು ಒಪ್ಪಲಿಲ್ಲ. ತೇವ ತುಂಬಿದ ಆ ನೆಲದಲ್ಲಿ ‘ಲಿಯಾಂಗ್‌ಚಾ’ ಎಂಬ ಕಹಿ ಮೂಲಿಕೆಗಳ ಕಷಾಯ ಬೀದಿ ಬೀದಿಯಲ್ಲಿ ಮಾರಾಟವಾಗುತ್ತದೆ. ಹೆಸರಿನ ಅರ್ಥ ‘ತಂಪು ಚಹಾ’; ಚಹಾ ಎಲೆಯ ಹಂಗು ಅದಕ್ಕಿಲ್ಲ, ತಂಪೆಂಬುದೂ ಗುಣದಲ್ಲಿಯೇ ಹೊರತು ಮುಟ್ಟಿದಾಗಲ್ಲ, ಬಿಸಿಯಾಗಿಯೇ ಕುಡಿಯುವವರಿದ್ದಾರೆ. 2006ರಲ್ಲಿ ಚೀನಾ ಸರಕಾರ ಪ್ರಕಟಿಸಿದ ರಾಷ್ಟ್ರೀಯ ಅಮೂರ್ತ ಪರಂಪರೆಯ ಮೊದಲ ಪಟ್ಟಿಯಲ್ಲಿ ಲಿಯಾಂಗ್‌ಚಾ ಸೇರಿದೆ. ಒಂದೇ ದೇಶ, ಒಂದೇ ಶಾಸ್ತ್ರ, ಒಂದೇ ತಿಂಗಳು. ಒಂದೆಡೆ ಉಷ್ಣದಿಂದ ಉಷ್ಣವನ್ನು ಓಡಿಸುತ್ತಾರೆ, ಇನ್ನೊಂದೆಡೆ ತಂಪಿನಿಂದ ಇಳಿಸುತ್ತಾರೆ.

ಸಿಚುವಾನ್ ಮತ್ತು ಹುನಾನ್ ಪ್ರಾಂತ್ಯಗಳವರ ಮೆಣಸಿನಕಾಯಿಯ ವಿಷಯ ಇನ್ನೂ ಸ್ವಾರಸ್ಯಕರ. ಅಲ್ಲಿನ ತೇವದ ಹವೆಯಲ್ಲಿ ದೇಹದೊಳಗೆ ಸೇರುವ ತೇವವನ್ನು ಖಾರ ಹೊರದೂಡುತ್ತದೆ, ಆದ್ದರಿಂದ ಮೆಣಸಿನಕಾಯಿ ಆ ನೆಲಕ್ಕೆ ವಿಧಿಸಿದ ಆಹಾರ ಎಂಬ ಮಾತು ಎಷ್ಟು ಪ್ರಚುರವಾಗಿದೆಯೆಂದರೆ ಅದು ಅನಾದಿಯೆಂಬ ಭಾವನೆ ಹುಟ್ಟುತ್ತದೆ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ; ಕರ್ನಾಟಕಕ್ಕೆ ಬಂದಂತೆಯೇ ಚೀನಾಕ್ಕೂ ಅದು ಕಡಲ ವ್ಯಾಪಾರ ತೆರೆದ ಮೇಲೆ ಬಂದದ್ದು. ಚೀನೀ ಬರಹದಲ್ಲಿ ಅದರ ಮೊದಲ ಉಲ್ಲೇಖ 1591ರ ‘ಝುನ್‌ಶೆಂಗ್ ಬಾಜಿಯೆನ್’ ಎಂಬ ಗ್ರಂಥದಲ್ಲಿದೆ. ಗಾವ್ ಲಿಯಾನ್ ಬರೆದ ಈ ಗ್ರಂಥದ ಒಂದು ಮುಖ್ಯ ಭಾಗವೇ ನಾಲ್ಕು ಋತುಗಳ ಆರೋಗ್ಯಚರ್ಯೆ. ಆದರೆ ಮೆಣಸಿನಕಾಯಿ ಕಾಣಿಸಿಕೊಳ್ಳುವುದು ಆ ಭಾಗದಲ್ಲಲ್ಲ, ಹೂಗಿಡಗಳ ನಡುವೆ, ಕೆಂಪು ಕಾಯಿಯ ಅಂದದ ಗಿಡವಾಗಿ. ಋತುಚರ್ಯೆಯನ್ನು ಅಷ್ಟು ವಿಸ್ತಾರವಾಗಿ ಬರೆದವನಿಗೆ ಅದು ಆಹಾರವೆಂದೇ ಹೊಳೆದಿರಲಿಲ್ಲ. ಮುಂದಿನ ಶತಮಾನಗಳಲ್ಲಿ ಒಳನಾಡಿನ ಬಡವರು ಅದನ್ನು ಊಟಕ್ಕೆ ತೆಗೆದುಕೊಂಡ ಮೇಲೆ ಶಾಸ್ತ್ರ ಅದಕ್ಕೆ ಖಾರ ರುಚಿಯನ್ನೂ ಉಷ್ಣ ಗುಣವನ್ನೂ ತೇವ ನಿವಾರಣೆಯ ಕೆಲಸವನ್ನೂ ಹಂಚಿಕೊಟ್ಟಿತು. ಜನರ ತಟ್ಟೆ ಮುಂದೆ, ಶಾಸ್ತ್ರ ಹಿಂದೆ ನಡೆದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಹಾಗೆಂದು ಜನಪದವಾದುದೆಲ್ಲ ಹಿತವೆಂದು ಭಾವಿಸುವುದೂ ಅಪಾಯ. ಐದನೆಯ ಚಾಂದ್ರಮಾಸವನ್ನು ಚೀನೀಯರು ವಿಷದ ತಿಂಗಳೆಂದು ಬಗೆಯುತ್ತಿದ್ದರು. ಹಾವು, ಚೇಳು, ಜರಿ ಮುಂತಾದ ‘ಪಂಚವಿಷ’ಗಳು ಹೊರಬರುವ ಕಾಲವದು. ಆ ತಿಂಗಳ ಐದನೆಯ ದಿನದ ‘ದುವಾನ್‌ವು’ ಹಬ್ಬದಲ್ಲಿ ಬಾಗಿಲಿಗೆ ಮಾಚಿಪತ್ರೆಯ ಕುಲದ ಗಿಡವನ್ನೂ ಬಜೆಯ ಎಲೆಯನ್ನೂ ಕಟ್ಟುತ್ತಾರೆ. ಕನ್ನಡನಾಡಿನಲ್ಲಿ ಎಳೆಗೂಸಿಗೆ ತೇಯ್ದು ನೆಕ್ಕಿಸುವ ಬಜೆ ಅಲ್ಲಿ ಕತ್ತಿಯಾಕಾರದ ಎಲೆಯಿಂದಾಗಿ ದುಷ್ಟಶಕ್ತಿಗಳನ್ನು ಕಡಿಯುವ ಆಯುಧವಾಗಿದೆ. ಇದರೊಡನೆ ಮನಃಶಿಲೆಯ ಪುಡಿಯನ್ನು ಮದ್ಯದಲ್ಲಿ ಬೆರೆಸಿ ಕುಡಿಯುವ, ಮಕ್ಕಳ ಹಣೆಗೆ ಹಚ್ಚುವ ಪದ್ಧತಿಯೂ ಇತ್ತು. ಶ್ವೇತಸರ್ಪದ ಪ್ರಸಿದ್ಧ ಐತಿಹ್ಯದಲ್ಲಿ ಹೆಣ್ಣಿನ ರೂಪದಲ್ಲಿದ್ದ ಸರ್ಪ ಈ ಮದ್ಯವನ್ನು ಕುಡಿದೇ ತನ್ನ ನಿಜರೂಪಕ್ಕೆ ಮರಳುತ್ತದೆ. ಮನಃಶಿಲೆ ಆರ್ಸೆನಿಕ್ ಮತ್ತು ಗಂಧಕದ ಸಂಯುಕ್ತ. ಕಾಯಿಸಿದರೆ ಅದರಿಂದ ಘೋರ ವಿಷ ಹುಟ್ಟುತ್ತದೆ. ಹೊರಗಿನ ವಿಷವನ್ನು ವಿಷದಿಂದಲೇ ಅಂಜಿಸುವ ಆಶಯ ಐತಿಹ್ಯದೊಳಗೆ ಸುಂದರವಾಗಿದೆ. ಕುಡಿದವನ ಹೊಟ್ಟೆಗೆ ಆ ಸೌಂದರ್ಯ ತಿಳಿಯದು. ಚೀನೀ ವೈದ್ಯರೇ ಇಂದು ಇದನ್ನು ಕುಡಿಯಬಾರದೆಂದು ಎಚ್ಚರಿಸುತ್ತಾರೆ.

ಶರತ್ತು ಮತ್ತು ಚಳಿಗಾಲ

ಶರತ್ತಿನ ಮುಖ್ಯ ಚಿಂತೆ ಒಣಗಾಳಿ. ಅದಕ್ಕೆ ಪೇರ್ ಹಣ್ಣನ್ನು ಬೇಯಿಸಿ ತಿನ್ನುತ್ತಾರೆ. ಶರತ್ತಿನ ಕಲ್ಲಂಗಡಿ ಹೊಟ್ಟೆ ಕೆಡಿಸುತ್ತದೆ ಎಂಬ ಗಾದೆ ಇದೆ. ಶರತ್ತು ಆರಂಭವಾಗುವ ದಿನವೇ ಕಲ್ಲಂಗಡಿಯನ್ನು ಕಚ್ಚಬೇಕೆಂಬ ಆಚರಣೆಯೂ ಇದೆ. ಯಾಂಗ್‌ತ್ಸೆಯ ಕೆಳಬಯಲಿನಲ್ಲಿ ಬೇಸಿಗೆ ಆರಂಭವಾಗುವ ದಿನ ಮಕ್ಕಳನ್ನು ತಕ್ಕಡಿಯಲ್ಲಿ ತೂಗುವ ವಾಡಿಕೆಯಿತ್ತು. ಸೆಕೆಗೆ ಇಳಿದ ತೂಕವನ್ನು ಶರತ್ತಿನಲ್ಲಿ ಮಾಂಸ ತಿಂದು ತುಂಬಿಕೊಳ್ಳುವುದಕ್ಕೆ ಉತ್ತರದವರು ‘ಶರತ್ತಿನ ಕೊಬ್ಬನ್ನು ಅಂಟಿಸಿಕೊಳ್ಳುವುದು’ ಎಂದು ಹೆಸರಿಟ್ಟಿದ್ದಾರೆ. ಇದೇ ಕಾಲದಲ್ಲಿ ಬರುವ ಏಡಿ ತಂಪಿನ ಪದಾರ್ಥ. ಅದನ್ನು ನಿಷೇಧಿಸುವ ಬದಲು ಶುಂಠಿ ಸೇರಿಸಿದ ವಿನಿಗರ್ ಮತ್ತು ಬೆಚ್ಚಗಿನ ಅಕ್ಕಿಮದ್ಯದೊಡನೆ ತಿನ್ನುತ್ತಾರೆ. ನಾಲ್ಕು ಗುಣಗಳ ಶಾಸ್ತ್ರ ಅಡುಗೆಯ ಕೈಗೆ ನಿಜವಾಗಿ ಏನನ್ನು ಕಲಿಸಿತು ಎಂಬುದು ಇಂಥಲ್ಲಿ ಕಾಣುತ್ತದೆ.

ಚಳಿಗಾಲದ ಅಯನ ಸಂಕ್ರಮಣದ ದಿನ, ಡಿಸೆಂಬರ್ 21 ಅಥವಾ 22ರಂದು, ಉತ್ತರದಲ್ಲಿ ಮಾಂಸ ತುಂಬಿದ ಕಡುಬನ್ನೂ ದಕ್ಷಿಣದಲ್ಲಿ ಅಕ್ಕಿಹಿಟ್ಟಿನ ಉಂಡೆಗಳನ್ನೂ ತಿನ್ನುತ್ತಾರೆ. ಆ ದಿನ ಕಡುಬು ತಿನ್ನದವನ ಕಿವಿ ಹೆಪ್ಪುಗಟ್ಟಿ ಉದುರುತ್ತದೆ ಎಂದು ಮಕ್ಕಳನ್ನು ಹೆದರಿಸುವುದುಂಟು. ಇದಕ್ಕೊಂದು ಐತಿಹ್ಯವಿದೆ. ಹಾನ್ ಕಾಲದ ಕೊನೆಯ ಮಹಾವೈದ್ಯ ಝಾಂಗ್ ಝೋಂಗ್‌ಜಿಂಗ್ ತನ್ನ ಊರಾದ ನಾನ್‌ಯಾಂಗ್‌ಗೆ ಮರಳಿದಾಗ ಚಳಿಗೆ ಕಿವಿ ಕೊಳೆತ ಬಡವರನ್ನು ಕಂಡು, ಕುರಿಮಾಂಸ, ಮೆಣಸಿನಕಾಯಿ ಮತ್ತು ಮೂಲಿಕೆಗಳನ್ನು ಬೇಯಿಸಿ, ಹಿಟ್ಟಿನಲ್ಲಿ ಕಿವಿಯಾಕಾರವಾಗಿ ಸುತ್ತಿ, ಸಾರಿನೊಡನೆ ಹಂಚಿದನಂತೆ. ಹಲವು ಪಾಠಗಳಲ್ಲಿ ಬರುವ ಮೆಣಸಿನಕಾಯಿಯೇ ಕಥೆಯ ಈ ರೂಪದ ವಯಸ್ಸನ್ನು ಹೇಳಿಬಿಡುತ್ತದೆ. ಆ ವೈದ್ಯನ ಕಾಲಕ್ಕೂ ಮೆಣಸಿನಕಾಯಿಗೂ ಹದಿಮೂರು ಶತಮಾನಗಳಿಗೂ ಹೆಚ್ಚಿನ ಅಂತರವಿದೆ. ಕಥೆ ಚರಿತ್ರೆಯಲ್ಲ. ಆದರೂ ಜನರು ತಮ್ಮ ಹಬ್ಬದೂಟವನ್ನು ಅರಮನೆಯ ಆಹಾರವೈದ್ಯನ ಹೆಸರಿಗೆ ಬರೆಯದೆ, ಬಡವರ ಕಿವಿಯನ್ನು ನೋಡಿದ ವೈದ್ಯನ ಹೆಸರಿಗೆ ಬರೆದಿದ್ದಾರೆ.

ಹನ್ನೆರಡನೆಯ ಮಾಸದ ಎಂಟನೆಯ ದಿನದ ‘ಲಾಬಾ’ ಗಂಜಿಯಲ್ಲಿ ಭಾರತದ ನೆನಪೂ ಬೆರೆತಿದೆ. ಹಲವು ಧಾನ್ಯ, ಬೇಳೆ, ಒಣಹಣ್ಣುಗಳನ್ನು ಕೂಡಿಸಿ ಬೇಯಿಸುವ ಈ ಗಂಜಿಯನ್ನು ಬೌದ್ಧ ವಿಹಾರಗಳು ಬಡವರಿಗೆ ಹಂಚುತ್ತ ಬಂದಿವೆ. ಬುದ್ಧನಿಗೆ ಜ್ಞಾನೋದಯವಾದ ದಿನವೆಂದು ಚೀನೀ ಬೌದ್ಧರು ಆಚರಿಸುವುದು ಇದನ್ನೇ. ಉಪವಾಸದಿಂದ ಕೃಶನಾದ ಸಿದ್ಧಾರ್ಥನಿಗೆ ಸುಜಾತೆ ಕೊಟ್ಟ ಪಾಯಸವೇ ಗಂಜಿಯ ಮೂಲವೆಂದು ಅವರು ನಂಬುತ್ತಾರೆ. ಗುಲ್ಮವನ್ನು ಬೆಚ್ಚಗಿಡುತ್ತದೆ ಎಂಬುದು ವೈದ್ಯರ ಮಾತು. ಡಬ್ಬಗಳ ತಳದಲ್ಲಿ ಉಳಿದ ಕಾಳುಗಳೆಲ್ಲ ವರ್ಷದ ಕೊನೆಗೆ ಒಂದು ಪಾತ್ರೆಗೆ ಬೀಳುತ್ತವೆ ಎಂಬುದು ಗೃಹಿಣಿಯ ಲೆಕ್ಕ.

1956ರಲ್ಲಿ ಬೀಜಿಂಗ್, ಶಾಂಘಾಯ್, ಗುವಾಂಗ್‌ಝೌ ಮತ್ತು ಚೆಂಗ್ಡು ನಗರಗಳಲ್ಲಿ ಪಾರಂಪರಿಕ ವೈದ್ಯದ ಕಾಲೇಜುಗಳು ಆರಂಭವಾದ ಮೇಲೆ ಶಾಸ್ತ್ರ ಪಠ್ಯಪುಸ್ತಕದ ಶಿಸ್ತಿಗೆ ಒಳಗಾಯಿತು. ಬೋಧನೆಗೆ ಏಕರೂಪತೆ ಬೇಕು; ಪರಸ್ಪರ ವಿರುದ್ಧವಾದ ಮತಗಳು ಅಲ್ಲಿ ಹಿಂದೆ ಸರಿಯುತ್ತವೆ. ಇಂದಿನ ಋತುಮಾನದ ಆಹಾರದ ಪಟ್ಟಿಗಳಲ್ಲಿ ವಸಂತಕ್ಕೆ ಸುನ್ ಸಿಮಿಯಾವ್‌ನ ಮತ ಸಾಮಾನ್ಯವಾಗಿ ಕಾಣುತ್ತದೆ. ಅದಕ್ಕೊಂದು ಎದುರುಮತ ಇತ್ತೆಂಬುದು ಕಾಣುವುದಿಲ್ಲ, ಊರು ಯಾವುದು ಎಂಬ ಪ್ರಶ್ನೆಯೂ ಇರುವುದಿಲ್ಲ. 2002ರಲ್ಲಿ ಚೀನಾದ ಆರೋಗ್ಯ ಮಂತ್ರಾಲಯ ಆಹಾರವೂ ಔಷಧವೂ ಆಗಬಲ್ಲ 87 ವಸ್ತುಗಳ ಪಟ್ಟಿಯನ್ನು ಹೊರಡಿಸಿತು; ಕಾರ್ಖಾನೆಗಳಿಗೆ ದಾರಿ ತೆರೆಯಿತು. ಬಿಸಿಲುಮನೆಗಳ ಬೇಸಾಯದಿಂದಾಗಿ ಬೀಜಿಂಗಿನ ಚಳಿಗಾಲದಲ್ಲಿಯೂ ಎಲ್ಲ ತರಕಾರಿಗಳು ದೊರೆಯುತ್ತವೆ. ಮೂಲಂಗಿಯನ್ನು ಗುಂಡಿಯಲ್ಲಿ ಹೂಳುವ ಅಗತ್ಯ ನಗರದಲ್ಲಿ ಉಳಿದಿಲ್ಲ. ಡಬ್ಬಿಗಳಲ್ಲಿ ತುಂಬಿದ ಲಿಯಾಂಗ್‌ಚಾ ಗುವಾಂಗ್‌ಡಾಂಗ್‌ನ ಸೆಕೆಯನ್ನು ಬಿಟ್ಟು ಉತ್ತರದ ಚಳಿಗೂ ತಲುಪಿದೆ. ಮೇಜಿನ ಮೇಲೆ ಕುದಿಯುವ ಪಾತ್ರೆಯಲ್ಲಿ ಕುರಿಮಾಂಸವನ್ನು ಬೇಯಿಸಿಕೊಂಡು ತಿನ್ನುವವರು, ಮೂಲಂಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ಅದನ್ನು ಕುಡಿಯುತ್ತಾರೆ.